ದೀರ್ಘಶಾಂತಿ

ಸಣ್ಣ ಮಾತಿಗೂ ಸಿಡಿದೇಳುವವನನ್ನು ಕಂಡರೆ ‘ಅವನಿಗೆ ಮೂಗಿನ ತುದಿಯಲ್ಲೇ ಕೋಪ’ ಎಂದು ನಮ್ಮಲ್ಲಿ ಹೇಳುವುದುಂಟು. ಯೆಹೂದ್ಯರ ಪ್ರಾಚೀನ ಭಾಷೆಯಾದ ಹೀಬ್ರೂವಿನಲ್ಲಿಯೂ ಕೋಪದ ನೆಲೆ ಮೂಗೇ. ಅಲ್ಲಿ ಮೂಗಿಗೂ ಕೋಪಕ್ಕೂ ಒಂದೇ ಶಬ್ದ. ಬೈಬಲಿನ ವಿಮೋಚನಕಾಂಡದ 34ನೆಯ ಅಧ್ಯಾಯದಲ್ಲಿ ದೇವರು ಮೋಶೆಗೆ ತನ್ನ ಸ್ವಭಾವವನ್ನು ತಿಳಿಸುತ್ತಾನೆ. ಜನರು ಕೊಟ್ಟ ಮಾತಿಗೆ ತಪ್ಪಿ ಹೆಚ್ಚು ಕಾಲವಾಗಿರಲಿಲ್ಲ. ಆ ಸಂದರ್ಭದಲ್ಲಿ ಬಂದಿರುವ ಒಂದು ವಿಶೇಷಣವನ್ನು ಅಕ್ಷರಶಃ ಹೇಳುವುದಾದರೆ ‘ಉದ್ದ ಮೂಗಿನವನು’ ಎಂದಾಗುತ್ತದೆ. ಬೇಗನೆ ಕೋಪಿಸಿಕೊಳ್ಳದವನು ಎಂಬುದು ಅದರ ಭಾವ. ಮೂಗು ಉದ್ದವಾದಷ್ಟೂ ಕೋಪವು ಅದರ ತುದಿಯನ್ನು ಮುಟ್ಟುವುದು ತಡವೆಂದು ಕನ್ನಡಿಗನು ಇದನ್ನು ಸುಲಭವಾಗಿ ಗ್ರಹಿಸಬಲ್ಲನು.

ಈ ಗುಣಕ್ಕೆ ಕನ್ನಡ ಬೈಬಲು ‘ದೀರ್ಘಶಾಂತಿ’ ಎಂಬ ಸೊಗಸಾದ ಹೆಸರನ್ನು ಕೊಟ್ಟಿದೆ. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಸಹನೆಗೆ ಮುಖ್ಯವಾಗಿ ಎರಡು ಪದಗಳಿವೆ. ಒಂದು, ಕಷ್ಟವನ್ನೂ ಶ್ರಮವನ್ನೂ ತಾಳಿಕೊಂಡು ನಿಲ್ಲುವ ಸಹನೆ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಕನ್ನಡ ನಾಡಿಗೆ ಬಂದು, ವರ್ಷಗಟ್ಟಲೆ ದುಡಿದು, ಸುಮಾರು 70,000 ಶಬ್ದಗಳ ಕೋಶವನ್ನು 1894ರಲ್ಲಿ ಹೊರತಂದುದು ಇಂತಹ ಸಹನೆಯಿಂದ. ಇನ್ನೊಂದು, ಮನುಷ್ಯರನ್ನು ತಾಳಿಕೊಳ್ಳುವ ಸಹನೆ. ಅದೇ ದೀರ್ಘಶಾಂತಿ. ಮೊದಲನೆಯದು ಕಠಿನ, ಎರಡನೆಯದು ಅದಕ್ಕಿಂತಲೂ ಕಠಿನ. ಹಟ ಹಿಡಿದ ಕೆಲಸವನ್ನು ಇಪ್ಪತ್ತು ವರ್ಷ ಬಿಡದೆ ನಡೆಸಬಲ್ಲವರೂ ಹಟ ಹಿಡಿದ ಮಗನ ಎದುರಿನಲ್ಲಿ ಇಪ್ಪತ್ತು ನಿಮಿಷ ಶಾಂತರಾಗಿರಲಾರರು.

ದೇವರ ದೀರ್ಘಶಾಂತಿ ಎಂತಹುದೆಂಬುದನ್ನು ಯೇಸು ಒಂದು ತೋಟದ ಕಥೆಯಿಂದ ತಿಳಿಸಿದನೆಂದು ಲೂಕನು ಬರೆದಿದ್ದಾನೆ. ತೋಟದ ಒಡೆಯನು ಮೂರು ವರ್ಷ ಬಂದು ನೋಡಿದರೂ ಅಂಜೂರದ ಮರದಲ್ಲಿ ಒಂದು ಹಣ್ಣೂ ಇಲ್ಲ. ನೆಲವನ್ನು ವ್ಯರ್ಥವಾಗಿ ಹಿಡಿದಿರುವ ಮರವನ್ನು ಕಡಿದುಬಿಡೆಂದು ಅವನು ಅಪ್ಪಣೆಮಾಡುತ್ತಾನೆ. ತೋಟಗಾರನು ಇನ್ನೊಂದು ವರ್ಷದ ಅವಧಿಯನ್ನು ಬೇಡುತ್ತಾನೆ. ಆ ವರ್ಷ ತಾನು ಸುಮ್ಮನೆ ಕುಳಿತಿರುವುದಾಗಿ ಅವನು ಹೇಳುವುದಿಲ್ಲ. ಮರದ ಸುತ್ತ ಅಗೆದು ಗೊಬ್ಬರ ಹಾಕುವೆನೆನ್ನುತ್ತಾನೆ. ಆಮೇಲೂ ಫಲ ಬಾರದಿದ್ದರೆ ಕಡಿಯಬಹುದೆಂದು ಒಪ್ಪಿಕೊಳ್ಳುತ್ತಾನೆ.

ಶಿಕಾರಿಪುರ, ಸೊರಬದ ಸೀಮೆಯಲ್ಲಿ, ಅಂಬ್ಲಿಗೊಳದ ಕಡೆಯ ಅಡಿಕೆ ಬೆಳೆಗಾರನಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆಯ ಸಸಿಯನ್ನು ನೆಟ್ಟವನು ಮೊದಲ ಹಿಂಗಾರವನ್ನು ಕಾಣಲು ಐದಾರು ವರ್ಷವಾದರೂ ಕಾಯಬೇಕು. ಆದರೆ ಅಷ್ಟು ವರ್ಷವೂ ಅವನು ಸಸಿಗೆ ನೆರಳು ಕಟ್ಟುತ್ತಾನೆ, ಬುಡ ಬಿಡಿಸುತ್ತಾನೆ, ಸೊಪ್ಪು ಗೊಬ್ಬರ ಹಾಕುತ್ತಾನೆ, ನೀರಿನ ದಾರಿಯನ್ನು ನೋಡುತ್ತಾನೆ. ಹೀಗೆ ದುಡಿಯುತ್ತ ಕಾಯುವುದೇ ದೀರ್ಘಶಾಂತಿ. ಕೈಕಟ್ಟಿ ಕಾಯುವುದು ಉದಾಸೀನವೆನಿಸೀತು.

ಆ ಮರವು ಮುಂದಿನ ವರ್ಷ ಹಣ್ಣು ಬಿಟ್ಟಿತೇ? ಯೇಸು ಹೇಳಲಿಲ್ಲ. ಕಥೆ ಅಲ್ಲಿಗೇ ನಿಲ್ಲುತ್ತದೆ. ಕ್ರೈಸ್ತ ಶ್ರದ್ಧೆಯ ಪ್ರಕಾರ ಪ್ರತಿಯೊಬ್ಬ ಮನುಷ್ಯನೂ ಬದುಕುತ್ತಿರುವುದು ತೋಟಗಾರನು ಬೇಡಿ ತಂದ ಆ ವರ್ಷದಲ್ಲಿಯೇ. ಹಾಗಿದ್ದಮೇಲೆ, ತಾನು ಅವಧಿಯನ್ನು ಪಡೆದವನು ನೆರೆಯವನಿಗೆ ಅವಧಿಯನ್ನು ಕೊಡದಿರುವುದು ಹೇಗೆ?

ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿರುವ ಇನ್ನೊಂದು ಕಥೆ ಈ ಪ್ರಶ್ನೆಯನ್ನೇ ಎತ್ತುತ್ತದೆ. ಒಬ್ಬ ಸೇವಕನು ಅರಸನಿಗೆ ಹತ್ತು ಸಾವಿರ ತಲಾಂತು ಸಾಲಗಾರ. ಒಂದು ತಲಾಂತು ಸುಮಾರು 6,000 ದಿನಗಳ ಕೂಲಿ. ಒಟ್ಟು 6 ಕೋಟಿ ದಿನಗಳ ದುಡಿಮೆ. ಯಾವ ಆಯುಷ್ಯಕ್ಕೂ ತೀರದ ಸಾಲವದು. ‘ತಾಳಿಕೋ’ ಎಂದು ಅವನು ಅಡ್ಡಬಿದ್ದನು. ಅರಸನು ಅದೆಲ್ಲವನ್ನೂ ಬಿಟ್ಟುಕೊಟ್ಟನು. ಹೊರಗೆ ಬಂದ ಅದೇ ಸೇವಕನಿಗೆ, ತನಗೆ ನೂರು ದಿನಗಳ ಕೂಲಿಯಷ್ಟು ಕೊಡಬೇಕಾದ ಜೊತೆಗಾರನೊಬ್ಬನು ಎದುರಾದನು. ಅವನೂ ‘ತಾಳಿಕೋ’ ಎಂದೇ ಬೇಡಿದನು. ಎರಡು ಕಡೆಗೂ ಗ್ರೀಕ್ ಮೂಲದಲ್ಲಿರುವುದು ಅದೇ ದೀರ್ಘಶಾಂತಿಯ ಮಾತು. ಕೆಲವೇ ಗಳಿಗೆಗೆ ಮುಂಚೆ ತನ್ನ ಬಾಯಿಂದಲೇ ಹೊರಟ ಮಾತು ಸೇವಕನ ಕಿವಿಗೆ ತಾಗಲಿಲ್ಲ. ಜೊತೆಗಾರನನ್ನು ಅವನು ಸೆರೆಗೆ ಹಾಕಿಸಿದನು.

ಇದೆಲ್ಲ ಗ್ರಂಥದ ಮಾತಾಯಿತು, ಬದುಕಿನಲ್ಲಿ ಸಾಧ್ಯವೇ ಎಂದು ಕೇಳುವವರುಂಟು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರವೆಂಬ ಹಳ್ಳಿಯಲ್ಲಿ, ಕುಷ್ಠರೋಗಿಗಳ ಸೇವೆಯಲ್ಲಿದ್ದ ಆಸ್ಟ್ರೇಲಿಯದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಎಳೆಯ ಗಂಡುಮಕ್ಕಳು ವಾಹನದಲ್ಲಿ ಮಲಗಿದ್ದಾಗ ದುಷ್ಕರ್ಮಿಗಳು ಅವರನ್ನು ಸುಟ್ಟು ಕೊಂದರು. ಪತ್ನಿ ಗ್ಲ್ಯಾಡಿಸ್ ಸ್ಟೇನ್ಸ್ ಕೊಂದವರನ್ನು ತಾವು ಕ್ಷಮಿಸಿರುವುದಾಗಿ ಸಾರಿದರು. ಉಳಿದ ಒಬ್ಬ ಮಗಳೊಡನೆ ಬಾರಿಪದದಲ್ಲಿಯೇ ಇದ್ದು, ಪತಿಯ ಸೇವೆಯನ್ನು ಮುಂದೆ ಕೆಲವು ವರ್ಷ ನಡೆಸಿದರು. 2005ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು. ಅತ್ತ ನ್ಯಾಯಾಲಯಗಳು ತಮ್ಮ ಕರ್ತವ್ಯವನ್ನು ಮಾಡಿದುವು. ಪ್ರಧಾನ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟು 2011ರಲ್ಲಿ ಎತ್ತಿಹಿಡಿಯಿತು. ಕ್ಷಮೆಯು ನ್ಯಾಯದ ದಾರಿಗೆ ಅಡ್ಡಬರಲಿಲ್ಲ. ನ್ಯಾಯವು ನಡೆಯಿತೆಂದು ಕ್ಷಮೆಯ ಬೆಲೆ ಕುಗ್ಗಲೂ ಇಲ್ಲ.

ಈ ಭೇದವನ್ನು ಗೃಹಸ್ಥರು ನೆನಪಿನಲ್ಲಿಡಬೇಕು. ಹೊಡೆತವನ್ನು ಮೌನವಾಗಿ ತಿನ್ನುವುದು, ಮನೆಯೊಳಗಿನ ಅನ್ಯಾಯವನ್ನು ಮುಚ್ಚಿಡುವುದು ದೀರ್ಘಶಾಂತಿಯಲ್ಲ. ತೋಟಗಾರನೂ ಮರದಲ್ಲಿ ಫಲವಿಲ್ಲವೆಂಬ ಸತ್ಯವನ್ನು ಮರೆಮಾಡಲಿಲ್ಲ.

ಆದರೆ ದಿನನಿತ್ಯದ ಬಾಳಿನಲ್ಲಿ ನಮ್ಮ ತಾಳ್ಮೆಯನ್ನು ಕೆಡಿಸುವುವು ಬಹುಪಾಲು ನೂರು ದಿನಗಳ ಕೂಲಿಯಂತಹ ಸಾಲಗಳು. ಪರೀಕ್ಷೆಯಲ್ಲಿ ಎರಡು ಸಲ ನಪಾಸಾದ ಮಗ, ಹೇಳಿದ್ದನ್ನೇ ಹೇಳುವ ವೃದ್ಧ ತಂದೆ, ಮನೆಯ ರೀತಿಯನ್ನು ಇನ್ನೂ ಕಲಿಯುತ್ತಿರುವ ಸೊಸೆ, ಹೊಸ ಕಾಲಕ್ಕೆ ಹೊಂದಿಕೊಳ್ಳಲಾರದ ಅತ್ತೆ. ಇವರೆಲ್ಲರೂ ಬಾಯಿಬಿಟ್ಟೋ ಬಿಡದೆಯೋ ಬೇಡುವುದು ಇನ್ನಷ್ಟು ಅವಧಿಯನ್ನು. ನಪಾಸಾದ ಮಗನಿಗೆ ಬೈಗುಳಕ್ಕಿಂತ, ಪಕ್ಕದಲ್ಲಿ ಕುಳಿತು ತಿಳಿಯದ ಪಾಠವನ್ನು ತಿಳಿಸುವ ತಂದೆ ಬೇಕು. ಒಂದು ವೇಳೆ ಆ ವರ್ಷವೂ ಅವನು ತೇರ್ಗಡೆಯಾಗದೆ ಹೋಗಬಹುದು. ಅವನ ಬದಿಯಲ್ಲಿ ಕುಳಿತವನಿಗೂ ಒಂದಾನೊಂದು ಕಾಲದಲ್ಲಿ ಯಾರೋ ಕಾದಿದ್ದರು.