ಐದು ಲಕ್ಷದ ಕಾರ್ಡೋ, ಹತ್ತಿರದ ಡಾಕ್ಟರೋ?

2001ರಿಂದ 2011ರವರೆಗಿನ ಹತ್ತು ವರ್ಷದಲ್ಲಿ ಕರ್ನಾಟಕದ ಜನಸಂಖ್ಯೆ ಶೇ 15ಕ್ಕೂ ಮೇಲೆ ಬೆಳೆಯಿತು. ಹಾಸನ ಜಿಲ್ಲೆಯದು ಬೆಳೆದದ್ದು ಶೇ 3ರ ಆಸುಪಾಸು. ಅರಸೀಕೆರೆಯಲ್ಲಿ ರೈಲು ಹತ್ತಿದ ಮಕ್ಕಳು ಬೆಂಗಳೂರಲ್ಲೇ ನೆಲೆಯಾದರು, ಕೆಲವರು ಅಮೆರಿಕ ಸೇರಿದರು. ತೋಟದ ಮನೆಯಲ್ಲಿ ಉಳಿದವರು ಅಪ್ಪ, ಅಮ್ಮ ಮತ್ತು ಅವರ ಬಿ.ಪಿ., ಶುಗರ್. ರಾಜ್ಯದಲ್ಲಿ ಈಗ ಹೆಣ್ಣೊಬ್ಬಳಿಗೆ ಸರಾಸರಿ ಎರಡಕ್ಕೂ ಕಮ್ಮಿ ಮಕ್ಕಳು, ಅಮೆರಿಕದ ಲೆಕ್ಕವೂ ಹೆಚ್ಚುಕಮ್ಮಿ ಅಷ್ಟೇ. ವಯಸ್ಸಾದವರು ಹೆಚ್ಚಾಗಿ, ನೋಡಿಕೊಳ್ಳುವವರು ಕಮ್ಮಿಯಾಗುವ ಇಂಥ ಊರುಗಳಲ್ಲಿ ಸರ್ಕಾರದ ಆರೋಗ್ಯದ ದುಡ್ಡು ಮೊದಲು ವಿಮೆಯ ಕಾರ್ಡಿಗೆ ಹೋಗಬೇಕೆ? ಎರಡು ವಾದ ಇಲ್ಲಿವೆ. ಎರಡೂ ಕಡೆಯವರು ಅಮೆರಿಕವನ್ನು ಎಳೆತಂದಿದ್ದಾರೆ. ಮಗನೋ ಮಗಳೋ ಅಲ್ಲಿರುವ ಮನೆಗಳು ಈ ಕಡೆ ಕಮ್ಮಿಯೇನಿಲ್ಲವಲ್ಲ.

ಪರ: ಹೌದು, ಮೊದಲು ಕಾರ್ಡು

ಅರಸೀಕೆರೆ ಸೀಮೆಯ ಬೆಳೆಗಾರನ ದುಡ್ಡು ಬ್ಯಾಂಕಿಗಿಂತ ಹೆಚ್ಚಾಗಿ ಅಟ್ಟದ ಮೇಲಿರುತ್ತದೆ. ಉಂಡೆ ಕೊಬ್ಬರಿ ಆಗಬೇಕಾದರೆ ತೆಂಗಿನಕಾಯಿ ವರ್ಷದ ಹತ್ತಿರ ಹತ್ತಿರ ಅಟ್ಟದಲ್ಲಿ ಕೂರಬೇಕು. ಒಳಗಿನ ನೀರು ಇಂಗಿ, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಿಟುಕು ಲೊಡಲೊಡ ಸದ್ದು ಮಾಡಬೇಕು. ಎದೆನೋವು ಅಷ್ಟು ದಿನ ಕಾಯುವುದಿಲ್ಲ. ಆಪರೇಷನ್ ಎಂದ ದಿನ ಮನೆಯವರು ಎಳಸು ಸರಕನ್ನೇ ಕೇಳಿದ ಬೆಲೆಗೆ ಕೊಡುತ್ತಾರೆ, ಇಲ್ಲವೇ ಮಂಡಿಯಲ್ಲಿ ಮುಂಗಡ ಎತ್ತುತ್ತಾರೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ಮಾರಿದವರುಂಟು. 2025ರಲ್ಲಿ ಬೆಲೆಯೇನೋ ಬೆಂಬಲ ಬೆಲೆಯ ಎರಡು ಪಟ್ಟು ದಾಟಿತು. ಆದರೆ ರೋಗ ಹತ್ತಿದ ಮರಗಳಲ್ಲಿ ಕಾಯಿಯೇ ಇರಲಿಲ್ಲ.

ಇಂಥ ಆದಾಯದವನಿಗೆ ಬೇಕಾದ್ದು ಆ ಒಂದು ದಿನದ ಭದ್ರತೆ. ಯಶಸ್ವಿನಿ ಯೋಜನೆ ಅದನ್ನೇ ಕೊಡುತ್ತದೆ. ಹಾಲಿನ ಡೈರಿಯಲ್ಲೋ ಸೊಸೈಟಿಯಲ್ಲೋ ಸದಸ್ಯನಾಗಿದ್ದರೆ ಹಳ್ಳಿಯ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಚಿಕಿತ್ಸೆ ಐದು ಲಕ್ಷದವರೆಗೆ. ಬಿಪಿಎಲ್‌ನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವಿದೆ. ಎಪಿಎಲ್‌ನವರಿಗೆ ಅದರಲ್ಲಿ ಸಿಗುವುದು ಪ್ಯಾಕೇಜ್ ದರದ ಶೇ 30 ಮಾತ್ರ. ನಾಲ್ಕು ಎಕರೆ ತೋಟ ಇದ್ದ ತಪ್ಪಿಗೆ ಸಾಲಕ್ಕೆ ಬೀಳುವವರು ಇವರೇ. 70 ದಾಟಿದವರಿಗೆಲ್ಲ ಆದಾಯ ನೋಡದೆ ಐದು ಲಕ್ಷ ಎಂದು ಕೇಂದ್ರ 2024ರ ಅಕ್ಟೋಬರಿನಲ್ಲಿ ತಂದ ಯೋಜನೆ ನೇರವಾಗಿ ಇವರ ಮನೆಬಾಗಿಲಿನದು.

ಕಾರ್ಡು ಕೊಟ್ಟರೆ ಆಸ್ಪತ್ರೆ ಸೊರಗುತ್ತದೆ ಎನ್ನುವವರು ಅಮೆರಿಕದ ಹಳ್ಳಿಗಳನ್ನು ನೋಡಲಿ. ಬಡವರ ವಿಮೆಯಾದ ಮೆಡಿಕೇಡ್ ವಿಸ್ತರಿಸಲು ಒಪ್ಪದ ರಾಜ್ಯಗಳಲ್ಲೇ ಹಳ್ಳಿ ಆಸ್ಪತ್ರೆಗಳು ಹೆಚ್ಚಾಗಿ ಬಾಗಿಲು ಹಾಕಿದವು. ರೋಗಿಯ ಹಿಂದೆ ದುಡ್ಡು ಬಂದರೆ ಆಸ್ಪತ್ರೆಯೂ ಬದುಕುತ್ತದೆ. ನಮ್ಮ ಸರ್ಕಾರಿ ಆಸ್ಪತ್ರೆಗಳಿಗೂ ಆಯುಷ್ಮಾನ್ ಕ್ಲೇಮಿನ ಹಣ ಬರುತ್ತದಲ್ಲ? ಇನ್ನು, ಡಾಕ್ಟರನ್ನು ಹಳ್ಳಿಗೆ ಕಳಿಸುತ್ತೇವೆ ಎಂಬ ಮಾತನ್ನು ಎಷ್ಟು ಚುನಾವಣೆಗಳಿಂದ ಕೇಳುತ್ತಿದ್ದೇವೆ? 2012ರಲ್ಲಿ ಕಡ್ಡಾಯ ಸೇವೆಯ ಕಾನೂನೇ ಆಯಿತು. ಒಂದು ವರ್ಷ ಮುಗಿದರೆ ಅವರ ಪಾಡಿಗೆ ಅವರು.

ವಿರೋಧ: ಇಲ್ಲ, ಮೊದಲು ಆಸ್ಪತ್ರೆ

2025ರ ಮೇ, ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಮೇಲೊಂದು ಬಂದಾಗ ಜನ ಏನು ಮಾಡಿದರು? ಬೆಳಗಾಗುವ ಮೊದಲೇ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಸಾಲು ನಿಂತರು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ, ಸಾವುಗಳಲ್ಲಿ ಅಸಹಜ ಏರಿಕೆಯೇನಿಲ್ಲ ಎಂದು ವರದಿ ಕೊಟ್ಟಿತು. ಒಳ್ಳೆಯದೇ. ಆದರೆ ಒಂದು ಇಸಿಜಿ ತೆಗೆಸಲು ಅಷ್ಟು ದೂರ ಹೋಗಬೇಕು ಎಂದು ಜಿಲ್ಲೆಗೆ ಜಿಲ್ಲೆಯೇ ಅಂದುಕೊಂಡದ್ದಕ್ಕೆ ಕಾರಣ ಕಾರ್ಡು ಇಲ್ಲದ್ದಲ್ಲ. ಊರಿನ ಆಸ್ಪತ್ರೆಯ ಮೇಲೆ ನಂಬಿಕೆ ಇರಲಿಲ್ಲ.

ಹಳೇಬೀಡಿನಿಂದ ಬೇಲೂರು 16 ಕಿಲೋಮೀಟರ್, ಹಾಸನ ಸುಮಾರು 30. ಅರೇಹಳ್ಳಿ ಕಡೆ ತೋಟದೊಳಗೆ ಆನೆ ತುಳಿದವರನ್ನು ಮೊದಲು ರಸ್ತೆಗೆ ಹೊತ್ತು ತರಬೇಕು, ಆಮೇಲೆ ದಾರಿಯ ಲೆಕ್ಕ. ಅಲ್ಲಿ ಐದು ಲಕ್ಷವಿದ್ದರೂ ಒಂದೇ, ಐವತ್ತಿದ್ದರೂ ಒಂದೇ. ಕೆಲಸಕ್ಕೆ ಬರುವುದು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿಯಂಥದ್ದು: ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಜಯದೇವದ ತಜ್ಞರಿಗೆ ಕಳಿಸಿ, ಹತ್ತಾರು ಸಾವಿರದ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಪುಕ್ಕಟೆಯಾಗಿ ಅಲ್ಲೇ ಕೊಡುವುದು. ಅದಕ್ಕೆ ಬೇಕಾದ್ದು ಯಂತ್ರ, ಫ್ರಿಡ್ಜಿನಲ್ಲಿ ಔಷಧ, ರಾತ್ರಿ ಎರಡು ಗಂಟೆಗೂ ಸೂಜಿ ಹಿಡಿಯುವ ಒಂದು ಕೈ.

ಇನ್ನೊಂದು ಮಾತು. ಕಾರ್ಡು ಎಚ್ಚರಾಗುವುದು ಆಸ್ಪತ್ರೆಯಲ್ಲಿ ಮಲಗಿದ ಮೇಲೆ. ತಿಂಗಳು ತಿಂಗಳು ನುಂಗುವ ಬಿ.ಪಿ., ಶುಗರ್ ಮಾತ್ರೆಗೆ ಅದರಿಂದ ಬಿಡಿಗಾಸೂ ಬರುವುದಿಲ್ಲ. ಮಾತ್ರೆಗೆ ದುಡ್ಡಿಲ್ಲದೆ ದಿನ ಬಿಟ್ಟು ದಿನ ನುಂಗುವ ಅಜ್ಜಿಗೆ ಪಾರ್ಶ್ವವಾಯು ಹೊಡೆದ ಮೇಲೆ ಸರ್ಕಾರ ಲಕ್ಷ ಖರ್ಚು ಮಾಡುತ್ತದೆ. ಇದೆಂಥ ಲೆಕ್ಕ? ಮನೆಗೇ ಬಂದು ತಪಾಸಣೆ ಮಾಡಿ ಔಷಧ ಕೊಡುವ ‘ಗೃಹ ಆರೋಗ್ಯ’ ಕೋಲಾರದಲ್ಲಿ 2024ರಲ್ಲಿ ಶುರುವಾಗಿ ಬೇರೆ ಜಿಲ್ಲೆಗಳಿಗೂ ಬಂದಿದೆ. ಮೊದಲ ದುಡ್ಡು ಅಲ್ಲಿಗೆ ಹೋಗಲಿ.

ತುರ್ತು ಸ್ಥಿತಿ ಅಲ್ಲದಿದ್ದರೆ ಆರೋಗ್ಯ ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಅದನ್ನು ಬರೆಯುವ ತಜ್ಞನೇ ಇಲ್ಲದ ಕಡೆ ಕಾರ್ಡು ಎಲ್ಲಿಗೆ ಹೋಗುತ್ತದೆ? ಇನ್ನು ಬೇಲೂರಿನ ಕಾಫಿ ತೋಟಗಳಿಗೆ ಈಗ ಆಳು ಬರುವುದು ಅಸ್ಸಾಮಿನಿಂದ. ಅವರ ರೇಷನ್ ಕಾರ್ಡು ಇಲ್ಲಿನದಲ್ಲ, ಸೊಸೈಟಿಯ ಸದಸ್ಯತ್ವವೂ ಇಲ್ಲ. ಗಾಯಕ್ಕೆ ಹೊಲಿಗೆ ಹಾಕುವ ಮೊದಲು ಯಾವ ಊರು ಎಂದು ಕೇಳದಿರುವುದು ಸರ್ಕಾರಿ ಆಸ್ಪತ್ರೆ ಮಾತ್ರ.

ಅಮೆರಿಕದ ಮಾತಿಗೂ ಬರೋಣ. 2025ರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಕಾನೂನಿನಿಂದ ಮೆಡಿಕೇಡ್‌ಗೆ ಕತ್ತರಿ ಬಿತ್ತು. 2034ರ ಹೊತ್ತಿಗೆ ಸುಮಾರು ಒಂದು ಕೋಟಿ ಜನ ವಿಮೆ ಕಳೆದುಕೊಳ್ಳುತ್ತಾರೆಂದು ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿಯೇ ಅಂದಾಜಿಸಿದೆ. ತಮಾಷೆಯೆಂದರೆ ಅದೇ ಕಾನೂನಿನಲ್ಲಿ ಹಳ್ಳಿಗಾಡಿನ ಆರೋಗ್ಯ ಸೇವೆಗೆಂದು 5,000 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಅಷ್ಟು ದೂರ ಯಾಕೆ, 2003ರಿಂದ ನಡೆದ ನಮ್ಮ ಯಶಸ್ವಿನಿಯೇ 2018ರಲ್ಲಿ ನಿಂತು ಮತ್ತೆ ಶುರುವಾದದ್ದು 2023ರ ಜನವರಿಗೆ. ನಡುವೆ ಕೋವಿಡ್ ಬಂದು ಹೋಯಿತು. ಆ ವರ್ಷಗಳಲ್ಲಿ ಜನ ನಂಬಿಕೊಂಡದ್ದು ಆಶಾ ಕಾರ್ಯಕರ್ತೆಯರನ್ನು ಮತ್ತು ಸರ್ಕಾರಿ ವಾರ್ಡುಗಳನ್ನು.

ಆದ್ದರಿಂದ ಬಜೆಟ್ಟಿಗೆ ಮೊದಲು ನಮ್ಮ ಶಾಸಕರೋ ಸಂಸದರೋ ಯಾರೇ ಸಿಕ್ಕರೂ ಕೇಳಬೇಕಾದ್ದು ಇಷ್ಟು: ಹಳೇಬೀಡಿಗೆ ರಾತ್ರಿ ಪಾಳಿಯ ವೈದ್ಯರು, ಬೇಲೂರು ಮತ್ತು ಅರಸೀಕೆರೆಗೆ, ಇದ್ದವರು ವರ್ಗವಾದ ಒಂದು ತಿಂಗಳೊಳಗೆ ಭರ್ತಿಯಾಗುವ ತಜ್ಞರ ಹುದ್ದೆ. ವಿಮೆಯನ್ನು ಐದರಿಂದ ಹತ್ತು ಲಕ್ಷಕ್ಕೆ ಏರಿಸುವ ಮಾತು ಆಮೇಲೆ ಬರಲಿ.