ಸಭೆಯಲ್ಲಿ ಮೊದಲ ಮಾತು ಯಾರದು?

ನಮ್ಮ ರೈತ ಗುಂಪಿನಲ್ಲಿ ಹದಿನಾಲ್ಕು ಜನ. ಮೂರು ವರ್ಷದ ಹಿಂದೆ ಎಲ್ಲರೂ ದುಡ್ಡು ಹಾಕಿ ಸೋಯಾ ರಾಶಿ ಮಾಡೋ ಮಷೀನು ತಂದೆವು. ಠರಾವಿಗೆ ಹಿಡಿದದ್ದು ಹತ್ತೇ ನಿಮಿಷ. "ಎಲ್ಲರಿಗೂ ಒಪ್ಪಿಗೆ ಅದಲ್ರಿ?" ಅಂದ್ರು ಅಧ್ಯಕ್ಷರು. ಯಾರೂ ಉಸಿರೆತ್ತಲಿಲ್ಲ, ಸಹಿ ಬಿತ್ತು. ಯಾರ ಹೊಲಕ್ಕೆ ಮೊದಲು ಅನ್ನೋದನ್ನು ಮಾತ್ರ ಬರೆಯಲೇ ಇಲ್ಲ.

ಸುಗ್ಗಿಯಲ್ಲಿ ಮಳೆ ಹಿಡಿಯಿತು. ಟ್ರ್ಯಾಕ್ಟರ್ ಇದ್ದ ನಾಲ್ವರ ರಾಶಿ ಮುಗಿಯೋ ತನಕ ಮಷೀನು ಬೇರೆ ಕಡೆ ಹೋಗಲಿಲ್ಲ. ಎರಡೆಕರೆಯ ಸದಸ್ಯನೊಬ್ಬನ ಬಣವೆಯಲ್ಲಿ ಕಾಯಿಯೊಳಗೇ ಮೊಳಕೆ ಬಂತು. ಆ ನಾಲ್ವರಲ್ಲಿ ನಾನೂ ಒಬ್ಬ. "ಸಭೆಯಾಗ ಯಾಕ ಹೇಳಲಿಲ್ಲೋ ತಮ್ಮಾ?" ಅಂದೆ. "ನೀವು ನಾಕು ಮಂದಿ ಮೊದಲೇ ಮಾತಾಡಿ ಮುಗಿಸಿದ್ರಿ ಅಣ್ಣಾ. ನನ್ನ ಬಣವಿ ಒಪ್ಪತ್ತಿನಾಗ ಮುಗಿತಿತ್ತು" ಅಂದ. ಈ ಲೆಕ್ಕ ನಮಗ್ಯಾರಿಗೂ ಹೊಳೆದಿರಲಿಲ್ಲ. ಗೊತ್ತಿದ್ದವನು ಸುಮ್ಮನಿದ್ದ.

ನಮ್ಮ ಹಳ್ಳಿಖೇಡದಿಂದ ಹುಮನಾಬಾದ್ ದಾಟಿ ಹೋದರೆ ಬಸವಕಲ್ಯಾಣ. ಅಲ್ಲಿ 2021ರ ಜನವರಿಯಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಹಾಕಿದರು. ಕಟ್ಟಡ ಏಳಲಿ, ಸಂತೋಷ. ನನಗೆ ಬೇಕಾದದ್ದು ಶರಣರು ಕೂಡಿ ಕೂರುತ್ತಿದ್ದ ರೀತಿ. 12ನೇ ಶತಮಾನದಲ್ಲಿ ಹತ್ತಾರು ಊರಿನ, ಹತ್ತಾರು ಕಸುಬಿನ ಜನ ತಾವಾಗಿಯೇ ಬಂದು ಸೇರಿದ ಕೂಟ ಅದು. ಬಸವಣ್ಣ ಬಿಜ್ಜಳನ ಭಂಡಾರಿ. ಅಧಿಕಾರವೂ ಅವರದು, ದಾಸೋಹವೂ ಅವರ ಮನೆಯದು. ಆದರೂ ಪರಂಪರೆ ಹೇಳುವಂತೆ ಶೂನ್ಯಸಿಂಹಾಸನದ ಮೇಲೆ ಕೂತವರು ಬಳ್ಳಿಗಾವಿ ಕಡೆಯಿಂದ ಬಂದ ಅಲ್ಲಮಪ್ರಭು. ಅನ್ನ ಹಾಕುವವನೇ ಅಧ್ಯಕ್ಷನಾಗಲಿಲ್ಲ. ನಮ್ಮಲ್ಲಿ ಬೋರ್‌ವೆಲ್ ಇದ್ದವನಿಗೇ ಕುರ್ಚಿ.

ಅಲ್ಲಿ ಮಾತೂ ಮೆತ್ತಗಿರಲಿಲ್ಲ. 15ನೇ ಶತಮಾನದಲ್ಲಿ ವಚನಗಳನ್ನು ಸಂವಾದವಾಗಿ ಜೋಡಿಸಿದ ಶೂನ್ಯಸಂಪಾದನೆಯಲ್ಲಿ ಅಲ್ಲಮರು ಅಕ್ಕಮಹಾದೇವಿಯನ್ನು ಬಿಡದೆ ಕೆದಕುತ್ತಾರೆ, ಆಕೆ ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ಚೆಲ್ಲಿದ ಅಕ್ಕಿ ಆಯುವ ಮಾರಯ್ಯ ಒಂದು ದಿನ ಹೆಚ್ಚು ತಂದಾಗ, ಅದನ್ನು ಅಲ್ಲೇ ಸುರಿದು ಬರುವಂತೆ ಹೇಳಿದವಳು ಹೆಂಡತಿ ಲಕ್ಕಮ್ಮ. ಅವಳ ಮಾತೇ ನಡೆಯಿತು.

ಹೋದ ವರ್ಷದಿಂದ ನಮ್ಮ ಗುಂಪಿನಲ್ಲಿ ಕಡಿಮೆ ಹೊಲ ಇದ್ದವರು ಮೊದಲು ಮಾತಾಡಬೇಕು, ಟ್ರ್ಯಾಕ್ಟರಿನವರು ಕೊನೆಗೆ. ಯಾವ ವಿಷಯದಲ್ಲಿ ಯಾರಿಗೆ ಲಾಭವೋ ಅವರು ಆ ದಿನ ಸಭೆ ನಡೆಸೋ ಹಾಗಿಲ್ಲ. ಈಗ ಸಭೆಗೆ ಎರಡು ತಾಸು ಬೇಕು. ಬೈಯುವವರೂ ಇದ್ದಾರೆ, ನಮ್ಮ ಮನೆಯಲ್ಲೇ. ಸಣ್ಣ ಬಣವೆ ಮೊದಲು ಅಂತ ಠರಾವಾಗಿ, ಸರದಿ ಪಟ್ಟಿ ಗೋಡೆಗೆ ಬಂತು. ನನ್ನದು ಹನ್ನೆರಡನೇ ಸರದಿ. ಮೋಡ ಕವಿದ ದಿನ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ತಾಡಪತ್ರಿ ಹೊದಿಸಿ ಕಾದೆ.