ಶರಾವತಿ ಹಿನ್ನೀರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳನ್ನು ಉಳಿಸಿ ಬಲಪಡಿಸುವ ಕುರಿತು ಮನವಿ ಪತ್ರ

ಇವರಿಗೆ:
ಮಾನ್ಯ ಅಧ್ಯಕ್ಷರು,
ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಬೆಂಗಳೂರು

ಇವರಿಂದ:
ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಹಾಗೂ ಪೋಷಕರು,
ತುಮರಿ ಸುತ್ತಲಿನ ಹಿನ್ನೀರ ಗ್ರಾಮಗಳು,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ

ವಿಷಯ: ಮಕ್ಕಳ ಸಂಖ್ಯೆಯೊಂದನ್ನೇ ಆಧರಿಸಿ ಶಾಲೆಗಳನ್ನು ವಿಲೀನಗೊಳಿಸದೆ, ಶಿಕ್ಷಕರನ್ನೂ ಮೂಲಸೌಕರ್ಯವನ್ನೂ ಒದಗಿಸುವ ಬಗ್ಗೆ.

ಮಾನ್ಯರೇ,

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಕಣಿವೆ ಮುಳುಗಿದ ಮೇಲೆ, ಮೊದಲೇ ಒಂಟಿ ಮನೆಗಳ ಮಲೆನಾಡಾಗಿದ್ದ ನಮ್ಮ ಸೀಮೆ ಇನ್ನಷ್ಟು ಚದುರಿತು. ಇಲ್ಲಿ ಶಾಲೆಯ ದಾಖಲಾತಿ ಕಡಿಮೆಯಿರಲು ಇದೇ ಮೊದಲ ಕಾರಣ. ನಾಡಿಗೆ ವಿದ್ಯುತ್ ಕೊಡಲು ನೆಲ ಬಿಟ್ಟವರ ಮೊಮ್ಮಕ್ಕಳು ಆ ಕಾರಣಕ್ಕಾಗಿಯೇ ಶಾಲೆಯನ್ನೂ ಕಳೆದುಕೊಳ್ಳುವುದು ನ್ಯಾಯವಲ್ಲ.

ಎರಡನೆಯ ಕಾರಣ ಶಿಕ್ಷಕರ ಕೊರತೆ. ಬಹುವರ್ಗ ಕಲಿಕಾ ಪದ್ಧತಿಯಾದ ನಲಿ-ಕಲಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಲಿಯಬಹುದು. ನಾಲ್ಕು ಮತ್ತು ಐದನೇ ತರಗತಿಗೆ ಇನ್ನೊಬ್ಬ ಶಿಕ್ಷಕರು ಬೇಕೇ ಬೇಕು. ಏಕೋಪಾಧ್ಯಾಯ ಶಾಲೆಯಲ್ಲಿ ಪಾಠದ ಜೊತೆಗೆ ಬಿಸಿಯೂಟದ ಲೆಕ್ಕ, ಹಾಲು-ಮೊಟ್ಟೆಯ ವಹಿ, ಎಸ್‌ಎಟಿಎಸ್ (ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆ) ನಮೂದು ಎಲ್ಲವೂ ಒಬ್ಬರ ತಲೆಯ ಮೇಲೆ. ಅವರು ಸಭೆಗೆಂದು ಸಾಗರಕ್ಕೆ ಹೋದರೆ ಅಂದಿನ ಪಾಠ ಅಲ್ಲಿಗೇ ನಿಂತಿತು. ಇಂಥ ಶಾಲೆಯ ಮಕ್ಕಳು ಓದು-ಗಣಿತದಲ್ಲಿ ಹಿಂದೆ ಬಿದ್ದರೆ ಅದು ಮಕ್ಕಳ ದೋಷವೂ ಅಲ್ಲ, ಆ ಶಿಕ್ಷಕರ ದೋಷವೂ ಅಲ್ಲ.

ಮೂರನೆಯದು, ನಮ್ಮ ಶಾಲೆಗಳಲ್ಲಿಲ್ಲದ ಎಲ್‌ಕೆಜಿ. ಖಾಸಗಿ ಶಾಲೆಗೆ ನಾಲ್ಕನೇ ವಯಸ್ಸಿಗೇ ಸೇರಿದ ಮಗು ಒಂದನೇ ತರಗತಿಗೆ ನಮ್ಮ ಶಾಲೆಗೆ ಮರಳುವುದು ಅಪರೂಪ. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಗಿ ಹಿನ್ನೀರು ದಾಟಲು ಲಾಂಚ್ ಕಾಯುವ ಕಷ್ಟ ತಪ್ಪಿದೆ. ಅದೇ ದಾರಿಯಲ್ಲಿ ಪೇಟೆಯ ಶಾಲಾ ವಾಹನವೂ ಮನೆ ಬಾಗಿಲಿಗೆ ಬರಬಲ್ಲದು. ಶುಲ್ಕ ಕಟ್ಟಲಾಗದ ಕೂಲಿಕಾರರ, ಸಣ್ಣ ಹಿಡುವಳಿದಾರರ ಮಕ್ಕಳಿಗೆ ಮಾತ್ರ ಊರ ಶಾಲೆಯೇ ಗತಿ.

ಆದ್ದರಿಂದ ನಮ್ಮ ಹಕ್ಕೊತ್ತಾಯಗಳು:

1. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರಿರಬೇಕು. ಖಾಲಿ ಹುದ್ದೆಗಳಿಗೆ ಕಾಯಂ ನೇಮಕವಾಗುವವರೆಗೆ ಜೂನ್ ಮೊದಲ ವಾರದಲ್ಲೇ ಅತಿಥಿ ಶಿಕ್ಷಕರನ್ನು ಕೊಡಬೇಕು.

2. ಎಸ್‌ಡಿಎಂಸಿ ಮತ್ತು ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಯಾವ ಶಾಲೆಯನ್ನೂ ವಿಲೀನಗೊಳಿಸಬಾರದು. ಶಾಲೆಗಿರುವ ದೂರವನ್ನು ನಕ್ಷೆಯ ಮೇಲಲ್ಲ, ಮಗು ಮಳೆಗಾಲದಲ್ಲಿ ನಡೆಯುವ ದಾರಿಯಲ್ಲಿ ಅಳೆಯಬೇಕು.

3. ಮಕ್ಕಳು ದಾಟುವ ಹಳ್ಳಗಳಿಗೆ ಭದ್ರವಾದ ಕಾಲುಸಂಕ ನಿರ್ಮಿಸಬೇಕು. ಐದನೇ ತರಗತಿಯ ನಂತರ ದೂರ ಹೋಗುವವರಿಗೆ ಉಚಿತ ವಾಹನ ಅಥವಾ ಸಾರಿಗೆ ಭತ್ಯೆ ಕೊಡಬೇಕು.

4. ಅಂಗನವಾಡಿಯನ್ನು ಸಾಧ್ಯವಿರುವೆಡೆ ಶಾಲಾ ಆವರಣಕ್ಕೇ ತಂದು ಪೂರ್ವ ಪ್ರಾಥಮಿಕ ಕಲಿಕೆ ಆರಂಭಿಸಬೇಕು. ಒಂದನೇ ತರಗತಿಯಿಂದ ಇಂಗ್ಲಿಷನ್ನು ಭಾಷೆಯಾಗಿ ಚೆನ್ನಾಗಿ ಕಲಿಸಲು ಶಿಕ್ಷಕರಿಗೆ ತರಬೇತಿ ಸಿಗಬೇಕು.

5. ಕಾಯ್ದೆಯ 27ನೇ ಕಲಂ ಒಪ್ಪುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಹೊರತು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಕಳಿಸಬಾರದು. ಏಕೋಪಾಧ್ಯಾಯ ಶಾಲೆಯವರನ್ನು ಸಭೆಗೆ ಕರೆದ ದಿನ ಬದಲಿ ಶಿಕ್ಷಕರಿರಬೇಕು.

6. ಪ್ರತಿ ಮಗುವಿನ ಕಲಿಕಾ ಮಟ್ಟವನ್ನು ವರ್ಷಕ್ಕೆರಡು ಬಾರಿ ಪೋಷಕರ ಸಭೆಯಲ್ಲಿ ತಿಳಿಸಬೇಕು.

ದಾಖಲಾತಿ ಆಂದೋಲನದಲ್ಲಿ ಮನೆ ಮನೆಗೆ ಹೋಗುವುದು, ಕಟ್ಟಡದ ಸಣ್ಣಪುಟ್ಟ ದುರಸ್ತಿಗೆ ಶ್ರಮದಾನ ಮಾಡುವುದು ನಮ್ಮ ಹೊಣೆ. ಶಿಕ್ಷಕರನ್ನು ಕೊಡುವುದು ಸರ್ಕಾರದ ಹೊಣೆ. ಕಾಯ್ದೆಯ 31ನೇ ಕಲಂ ಅಡಿಯ ಅಧಿಕಾರ ಬಳಸಿ ಆಯೋಗವು ಈ ದೂರನ್ನು ವಿಚಾರಣೆಗೆತ್ತಿಕೊಳ್ಳಬೇಕು. ಜುಲೈ ತಿಂಗಳ ಮಳೆಯಲ್ಲೇ ಸ್ಥಳ ಪರಿಶೀಲನೆ ನಡೆಸಿ, ಸಂಬಂಧಪಟ್ಟ ಇಲಾಖೆಗಳಿಗೆ ಕಾಲಮಿತಿಯೊಳಗೆ ಕ್ರಮ ಕೈಗೊಳ್ಳಲು ಶಿಫಾರಸು ಮಾಡಬೇಕೆಂದು ಕೋರುತ್ತೇವೆ.



ತಮ್ಮ ವಿಶ್ವಾಸಿಗಳು,
ಎಸ್‌ಡಿಎಂಸಿ ಸದಸ್ಯರು ಮತ್ತು ಪೋಷಕರು

ಸ್ಥಳ: ತುಮರಿ
ಲಗತ್ತು: ಶಾಲಾವಾರು ದಾಖಲಾತಿ ಹಾಗೂ ಖಾಲಿ ಹುದ್ದೆಗಳ ಪಟ್ಟಿ, ಪೋಷಕರ ಸಹಿಗಳು